ಒಂದು ಲೈನ್, ಆರು ಟೇಬಲ್: ಸಣ್ಣ ಆಫೀಸಿಗೆ ನೆಟ್ ಹಂಚುವುದು ಹೇಗೆ

ಸಿರಸಿಯ ಸಿಪಿ ಬಜಾರಿನಲ್ಲೋ ಕಾರವಾರದ ಗ್ರೀನ್ ಸ್ಟ್ರೀಟಿನಲ್ಲೋ ಮಹಡಿ ಮೇಲೆ ಒಂದು ಸಣ್ಣ ಆಫೀಸು ಇದೆ ಅಂದುಕೊಳ್ಳಿ. ಆರು ಕಂಪ್ಯೂಟರ್, ಒಂದು ಪ್ರಿಂಟರ್, ಹತ್ತು ಹನ್ನೆರಡು ಮೊಬೈಲ್, ಮೂಲೆಯಲ್ಲೊಂದು ಸಿಸಿಟಿವಿ. ಬರುವುದು ಒಂದೇ ಫೈಬರ್ ಲೈನ್. ಟ್ಯಾಕ್ಸ್ ಕನ್ಸಲ್ಟೆಂಟ್ ಇರಲಿ, ಅಡಿಕೆ ವ್ಯಾಪಾರದವರಿರಲಿ, ಸಹಕಾರಿ ಸಂಘದ ಶಾಖೆ ಇರಲಿ, ಎಲ್ಲ ಕಡೆ ಹೆಚ್ಚುಕಮ್ಮಿ ಇದೇ ಕತೆ. ದೂರೂ ಒಂದೇ: "ನೆಟ್ ಭಾರೀ ಸ್ಲೋ ಮಾರಾಯ್ರೇ, ಪ್ಲಾನ್ ದೊಡ್ಡದು ಮಾಡಿಸ್ಬೇಕೇನೋ."

ತಡೆಯಿರಿ, ಮೊದಲು ಲೆಕ್ಕ ಹಾಕೋಣ. 100 ಎಂಬಿಪಿಎಸ್ ಪ್ಲಾನ್ ಇದ್ದರೆ ಆರೂ ಜನ ಒಂದೇ ಹೊತ್ತಿಗೆ ಎಳೆದರೂ ತಲೆಗೆ 16 ಎಂಬಿಪಿಎಸ್ ಸಿಗುತ್ತದೆ. ಎಚ್‌ಡಿ ವಿಡಿಯೊ ಕಾಲ್‌ಗೆ 3–4 ಸಾಕು. ಇ-ವೇ ಬಿಲ್ ತೆಗೆಯಲು, ಬ್ಯಾಂಕ್ ಪೇಜ್ ನೋಡಲು ಅಷ್ಟೂ ಬೇಡ. ಇನ್ನು ತಿಂಗಳ 20ಕ್ಕೆ, ಜಿಎಸ್‌ಟಿಆರ್-3ಬಿ ಕೊನೇ ದಿನ, ದೇಶದವರೆಲ್ಲ ಒಟ್ಟಿಗೆ ನುಗ್ಗಿದಾಗ ಯಾವ ಸೈಟಾದರೂ ತಡವರಿಸುತ್ತದೆ. ಅದಕ್ಕೆ ನಿಮ್ಮ ಪ್ಲಾನ್ ಕಾರಣ ಅಲ್ಲ.

ಮತ್ತೊಂದು ವಿಷಯ. 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 100 ಎಂಬಿ ಫೈಲ್ ಇಳಿಯುತ್ತದೆ ಅಂತಲ್ಲ. ಪ್ಲಾನ್ ಹೇಳುವುದು ಬಿಟ್ ಲೆಕ್ಕ, ಫೈಲಿನದು ಬೈಟ್ ಲೆಕ್ಕ, ಹಾಗಾಗಿ ಎಂಟರಿಂದ ಭಾಗಿಸಬೇಕು. ಪೂರ್ತಿ ವೇಗ ಬಂದರೂ ಸೆಕೆಂಡಿಗೆ 12.5 ಎಂಬಿ, ಅಷ್ಟೇ. ಡೌನ್‌ಲೋಡ್ ಕಿಟಕಿಯಲ್ಲಿ 11 ಅಂತ ತೋರಿಸಿದರೆ ಮೋಸ ಹೋಗಿಲ್ಲ, ಸುಮ್ನಿರಿ.

ನಿಜವಾದ ಪರೀಕ್ಷೆ ಇದು. ಒಂದು ಲ್ಯಾಪ್‌ಟಾಪನ್ನು ಫೈಬರ್ ಬಾಕ್ಸಿಗೆ ನೇರ ಕೇಬಲ್‌ನಿಂದ ಸಿಕ್ಕಿಸಿ ಸ್ಪೀಡ್ ಟೆಸ್ಟ್ ಮಾಡಿ. ಆಮೇಲೆ ಅದೇ ಲ್ಯಾಪ್‌ಟಾಪ್ ಹಿಡಿದು ಆಫೀಸಿನ ಕೊನೇ ಟೇಬಲ್‌ಗೆ ಹೋಗಿ ವೈಫೈನಲ್ಲಿ ಮಾಡಿ. ಬಾಕ್ಸಿನ ಹತ್ತಿರ 95, ಟೇಬಲ್ ಹತ್ತಿರ 8 ಬಂದರೆ ತೊಂದರೆ ನಿಮ್ಮ ನಾಲ್ಕು ಗೋಡೆಯೊಳಗೇ ಇದೆ. 300ರ ಪ್ಲಾನ್ ಹಾಕಿಸಿದರೂ ಆ ಟೇಬಲ್‌ಗೆ 8ರ ಆಚೀಚೆಯೇ ಬರುತ್ತದೆ. ಎರಡೂ ಕಡೆ ಕಡಿಮೆ ಬಂದರೆ ಮಾತ್ರ ಕಂಪನಿಗೆ ಫೋನ್ ಮಾಡಿ. ತಿಂಗಳ ಡೇಟಾ ಮಿತಿ ದಾಟಿದ ಮೇಲೆ ವೇಗ ಇಳಿಸುವ ಪ್ಲಾನ್‌ಗಳೂ ಇವೆ, ಅದನ್ನೂ ಕೇಳಿ ನೋಡಿ.

ಬಾಕ್ಸ್ ಎಲ್ಲಿ ಇಡಬೇಕು

ಫೈಬರ್ ಎಳೆಯಲು ಬಂದ ಹುಡುಗ ತನಗೆ ಸುಲಭವಾದ ಕಿಟಕಿಯ ಪಕ್ಕ ತೂತು ಕೊರೆದು, ಅಲ್ಲೇ ಬಾಕ್ಸ್ ತಗುಲಿಸಿ ಹೋಗುತ್ತಾನೆ. ಅವನ ತಪ್ಪಲ್ಲ, ಅವನಿಗೆ ಆ ದಿನ ಇನ್ನೂ ನಾಲ್ಕು ಮನೆ ಇರುತ್ತದೆ. ನೀವೇ ಬಾಯಿ ಬಿಟ್ಟು ಹೇಳಬೇಕು: ಆಫೀಸಿನ ನಡುವಿಗೆ ತನ್ನಿ ಅಂತ. ಫೈಬರ್ ಹತ್ತು ಮೀಟರ್ ಜಾಸ್ತಿ ಆದರೆ ವೇಗ ಒಂಚೂರೂ ಕಡಿಮೆ ಆಗುವುದಿಲ್ಲ. ಆದರೆ ವೈಫೈಗೆ ಒಂದು ಚಿರೆಕಲ್ಲಿನ ಗೋಡೆ ಅಡ್ಡ ಬಂದರೆ ಸಾಕು, ಅರ್ಧ ಸತ್ತಿತು. ನಮ್ಮ ಕಡೆಯ ಹಳೆ ಕಟ್ಟಡಗಳ ಗೋಡೆ ದಪ್ಪ. 5 ಗಿಗಾಹರ್ಟ್ಸ್ ವೈಫೈ ವೇಗದ್ದು, ಆದರೆ ಇಂಥ ಗೋಡೆ ದಾಟಲು ಅದಕ್ಕೆ ಕಷ್ಟ. 2.4 ಗಿಗಾಹರ್ಟ್ಸ್ ವೈಫೈ ಹೇಗೋ ತೂರಿಕೊಂಡು ಹೋಗುತ್ತದೆ, ಆದರೆ ಅಕ್ಕಪಕ್ಕದ ಅಂಗಡಿಯವರೆಲ್ಲ ಅದರಲ್ಲೇ ಇರುತ್ತಾರೆ.

ಬಾಕ್ಸನ್ನು ಎದೆ ಎತ್ತರಕ್ಕಿಂತ ಮೇಲೆ, ಬಯಲಲ್ಲಿ ಇಡಿ. ಕಬ್ಬಿಣದ ಕಪಾಟಿನ ಹಿಂದೆ, ಫೈಲ್ ರಾಶಿಯ ಕೆಳಗೆ, ದೇವರ ಫೋಟೊದ ಹಿಂದೆ ಬೇಡ. ಉಳಿದ ಫೈಬರ್ ವೈರನ್ನು ಮೊಳೆಗೆ ಬಿಗಿಯಾಗಿ ಸುತ್ತಬೇಡಿ. ಒಳಗಿರುವುದು ಕೂದಲಿನಂಥ ಗಾಜಿನ ಎಳೆ. ಚೂಪಾಗಿ ಬಾಗಿದರೆ ಬೆಳಕು ಅಲ್ಲೇ ಸೋರಿಹೋಗುತ್ತದೆ. ಅಂಗೈ ಅಗಲದ ದೊಡ್ಡ ಸುರುಳಿ ಮಾಡಿ ಬಿಡಿ.

ಹಂಚುವವನು ಒಬ್ಬನೇ ಇರಲಿ

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಕಂಪನಿ ನಿಮ್ಮ ಆಫೀಸಿಗೆ ಕೊಡುವುದು ಒಂದೇ ವಿಳಾಸ, ಅಂದರೆ ನೆಟ್‌ನಲ್ಲಿ ನಿಮ್ಮನ್ನು ಗುರುತಿಸುವ ಐಪಿ ಸಂಖ್ಯೆ. ಒಳಗಿನ ಆರು ಕಂಪ್ಯೂಟರಿಗೂ ಮೊಬೈಲ್‌ಗಳಿಗೂ ಬೇರೆ ಬೇರೆ ಒಳವಿಳಾಸ ಕೊಡುವುದು ನಿಮ್ಮ ಬಾಕ್ಸು: 192.168.1.5, 192.168.1.6, ಹೀಗೆ. ಇದನ್ನು ಡಿಎಚ್‌ಸಿಪಿ ಎನ್ನುತ್ತಾರೆ. ಯಾರು ಏನು ಕೇಳಿದರು ಎಂದು ಗುರುತಿಟ್ಟುಕೊಂಡು, ಆ ಒಂದೇ ಹೊರವಿಳಾಸದಿಂದ ಎಲ್ಲರಿಗೂ ತಂದು ಕೊಡುವುದೂ ಅದೇ ಬಾಕ್ಸು. ಅದಕ್ಕೆ ನ್ಯಾಟ್ ಎಂದು ಹೆಸರು.

ಈಗ ಸಿಗ್ನಲ್ ಸಾಲುವುದಿಲ್ಲ ಅಂತ ಅಂಗಡಿಯಿಂದ ಇನ್ನೊಂದು ರೌಟರ್ ತಂದು ಸಿಕ್ಕಿಸುತ್ತೀರಿ. ಅದೂ ವಿಳಾಸ ಹಂಚಲು ಶುರು ಮಾಡುತ್ತದೆ. ಸೊಸೈಟಿ ಕೌಂಟರಿನಲ್ಲಿ ಇಬ್ಬರು ಕೂತು ಇಬ್ಬರೂ 1ರಿಂದ ಟೋಕನ್ ಕೊಡಲು ಶುರು ಮಾಡಿದ ಹಾಗೆ. ಒಬ್ಬರಿಗೆ ನೆಟ್ ಬರುತ್ತದೆ, ಪಕ್ಕದವರಿಗೆ ಇಲ್ಲ. ಬೆಳಿಗ್ಗೆ ಪ್ರಿಂಟ್ ಆಗುತ್ತದೆ, ಮಧ್ಯಾಹ್ನ ಆಗುವುದಿಲ್ಲ. ಎಲ್ಲರೂ ಕಂಪನಿಗೆ ಬೈಯುತ್ತಾ ಕೂರುತ್ತಾರೆ. ಸಣ್ಣ ಆಫೀಸುಗಳ "ಆಗಾಗ ಹೋಗುತ್ತೆ, ಆಗಾಗ ಬರುತ್ತೆ" ಕಾಯಿಲೆ ಎಷ್ಟೋ ಕಡೆ ಇಲ್ಲಿಂದಲೇ ಹುಟ್ಟುವುದು.

ಹಾಗಾಗಿ ಕಂಪನಿ ಕೊಟ್ಟ ಫೈಬರ್ ಬಾಕ್ಸೇ ಹಂಚಲಿ. ಉಳಿದದ್ದೆಲ್ಲ ಬರೀ ದಾಟಿಸುವ ಕೆಲಸ ಮಾಡಲಿ. ಎರಡನೇ ರೌಟರ್ ಇಟ್ಟುಕೊಳ್ಳಬಾರದು ಅಂತಲ್ಲ, ಅದನ್ನು ಪಳಗಿಸುವುದು ಹೇಗೆ ಅಂತ ಮುಂದೆ ಹೇಳುತ್ತೇನೆ.

ಕೂತಲ್ಲೇ ಇರುವುದಕ್ಕೆ ಕೇಬಲ್

ಟೇಬಲ್ ಬಿಟ್ಟು ಕದಲದ ಎಲ್ಲದಕ್ಕೂ ಕೇಬಲ್ ಎಳೆಯಿರಿ. ಡೆಸ್ಕ್‌ಟಾಪ್, ಪ್ರಿಂಟರ್, ಸಿಸಿಟಿವಿ ರೆಕಾರ್ಡ್ ಮಾಡುವ ಡಿವಿಆರ್ ಎಲ್ಲ ಅದರಲ್ಲೇ ಇರಲಿ. ವೈಫೈ ಏನಿದ್ದರೂ ಮೊಬೈಲ್‌ಗೆ, ಓಡಾಡುವ ಲ್ಯಾಪ್‌ಟಾಪಿಗೆ. ಫೈಬರ್ ಬಾಕ್ಸಿನಲ್ಲಿ ಎರಡೋ ನಾಲ್ಕೋ ಪೋರ್ಟ್ ಇರುತ್ತದೆ, ಅದು ಸಾಲದು. 8 ಪೋರ್ಟಿನ ಗಿಗಾಬಿಟ್ (ಅಂದರೆ 1000 ಎಂಬಿಪಿಎಸ್) ನೆಟ್‌ವರ್ಕ್ ಸ್ವಿಚ್ ತನ್ನಿ. ಇದಕ್ಕೆ ಸೆಟ್ಟಿಂಗ್ ಇಲ್ಲ, ಪಾಸ್‌ವರ್ಡ್ ಇಲ್ಲ. ಕರೆಂಟ್ ಕೊಡಿ, ಬಾಕ್ಸಿನಿಂದ ಒಂದು ಕೇಬಲ್ ತಂದು ಸಿಕ್ಕಿಸಿ, ಉಳಿದ ಏಳರಲ್ಲಿ ನಿಮ್ಮ ಕಂಪ್ಯೂಟರ್‌ಗಳು. ಅಂಗಡಿಯಲ್ಲಿ 10/100 ಅಂತ ಬರೆದದ್ದು ಕೊಟ್ಟರೆ ತಗೋಬೇಡಿ, ಅದು 100ಕ್ಕೇ ನಿಲ್ಲುತ್ತದೆ. ಟ್ಯಾಲಿ ಡೇಟಾ ಒಂದು ಕಂಪ್ಯೂಟರಿನಲ್ಲಿಟ್ಟು ಉಳಿದವರು ಅದನ್ನೇ ತೆರೆಯುವ ಆಫೀಸಿನಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಅಂದಹಾಗೆ, ಆ ಟ್ಯಾಲಿ ಹಂಚಿಕೆಗೆ ಇಂಟರ್ನೆಟ್ ಬೇಕಿಲ್ಲ. ಅದು ಸ್ವಿಚ್ಚಿನ ಮೂಲಕ ಒಳಗೊಳಗೇ ಓಡುತ್ತದೆ. ಫೈಬರ್ ತುಂಡಾದ ದಿನವೂ ಎಂಟ್ರಿ ಹಾಕುತ್ತಾ ಕೂರಬಹುದು. ಇದು ಗೊತ್ತಿಲ್ಲದೆ "ನೆಟ್ ಇಲ್ಲ" ಅಂತ ಕೈಕಟ್ಟಿ ಕೂತವರನ್ನು ನೋಡಿದ್ದೇನೆ.

ಕೇಬಲ್ ವಿಷಯದಲ್ಲಿ ಜಿಪುಣತನ ಬೇಡ. ಕ್ಯಾಟ್ 6 ಕೇಳಿ, ಪೂರ್ತಿ ತಾಮ್ರದ್ದೇ ಕೇಳಿ. ಸಿಸಿಎ ಅಂತ ಅಗ್ಗದ್ದೊಂದು ಬರುತ್ತದೆ, ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ಬ್ಲೇಡಿನಿಂದ ಒಂದು ಎಳೆಯ ತುದಿ ಕೆರೆದು ನೋಡಿ: ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಕಾರವಾರ, ಅಂಕೋಲಾ, ಕುಮಟಾದಂಥ ಉಪ್ಪುಗಾಳಿಯ ಊರಲ್ಲಂತೂ ಅದು ಬೇಗ ಹಾಳಾಗುತ್ತದೆ. ಉದ್ದದ ಮಿತಿ 100 ಮೀಟರ್. ಸಣ್ಣ ಆಫೀಸಿಗೆ ಅದರ ಚಿಂತೆ ಬೇಡ, ಆದರೆ ರಸ್ತೆಯಾಚೆಯ ಗೋದಾಮಿಗೆ ಎಳೆಯುವ ಯೋಚನೆ ಇದ್ದರೆ ಅಲ್ಲಿಗೆ ಫೈಬರ್ ಹಾಕಿಸಿ. ಎರಡು ಕಟ್ಟಡದ ನಡುವೆ ತಾಮ್ರ ಎಳೆಯುವುದು ಸಿಡಿಲಿಗೆ ದಾರಿ ಮಾಡಿಕೊಟ್ಟ ಹಾಗೆ.

ತುದಿಗೆ ಆರ್‌ಜೆ45 ಪ್ಲಗ್ ಹಾಕುವುದನ್ನು ನೀವೇ ಕಲಿತರೆ ಒಳ್ಳೆಯದು. ಕ್ರಿಂಪಿಂಗ್ ಟೂಲ್ ಬೇಕು, ಅಷ್ಟೇ. ಮೇಲಿನ ಸಿಪ್ಪೆಯನ್ನು ಎರಡು ಬೆರಳಗಲ ಸುಲಿಯಿರಿ. ಒಳಗೆ ಹೆಣೆದ ನಾಲ್ಕು ಜೋಡಿ ಇರುತ್ತದೆ, ಬಿಚ್ಚಿ ನೆಟ್ಟಗೆ ಮಾಡಿ. ಪ್ಲಗ್ಗಿನ ಕೊಕ್ಕೆ ಕೆಳಗೆ ಬರುವಂತೆ ಹಿಡಿದು, ಎಡದಿಂದ ಈ ಕ್ರಮದಲ್ಲಿ ಜೋಡಿಸಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರಿನ ಜೋಡಿಯ ನಡುವೆ ನೀಲಿ ಜೋಡಿ ಬಂದು ಕೂರುತ್ತದೆ, ಎಡವುವುದು ಅಲ್ಲೇ. ಎಂಟನ್ನೂ ಬೆರಳಲ್ಲಿ ಒತ್ತಿ ಹಿಡಿದು, ತುದಿಯನ್ನು ಒಂದೇ ಸಮ ಕತ್ತರಿಸಿ. ಹೊರಗೆ ಉಳಿಯುವುದು ಒಂದು ಸೆಂಟಿಮೀಟರಿಗಿಂತ ತುಸು ಜಾಸ್ತಿ ಇರಲಿ. ಪ್ಲಗ್ಗಿನೊಳಗೆ ತಳ್ಳಿದಾಗ ಎಂಟು ತಾಮ್ರದ ಚುಕ್ಕೆ ಮುಂದಿನ ತುದಿಯಲ್ಲಿ ಕಾಣಬೇಕು, ಮೇಲಿನ ಸಿಪ್ಪೆಯೂ ಪ್ಲಗ್ಗಿನ ಒಳಗೆ ಬಂದಿರಬೇಕು. ಸಿಪ್ಪೆ ಹೊರಗೇ ಉಳಿದರೆ ಪೊರಕೆ ತಾಗಿ ಜಗ್ಗಿದಾಗೆಲ್ಲ ಎಳೆ ಸಡಿಲವಾಗುತ್ತದೆ. ಆಮೇಲೆ ಟೂಲಿಗೆ ಹಾಕಿ ಗಟ್ಟಿಯಾಗಿ ಒತ್ತಿ. ಎರಡೂ ತುದಿಗೆ ಒಂದೇ ಕ್ರಮ.

ಇಲ್ಲೊಂದು ಸೂಕ್ಷ್ಮ ಇದೆ. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು, 1000ಕ್ಕೆ ನಾಲ್ಕೂ ಬೇಕು. ನೀಲಿ ಅಥವಾ ಕಂದು ಜೋಡಿಯ ಒಂದು ಎಳೆ ಕೂತಿಲ್ಲದಿದ್ದರೂ ನೆಟ್ ಬರುತ್ತದೆ, ಆದರೆ 100ಕ್ಕೆ ಇಳಿದಿರುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ವಿಂಡೋಸ್‌ನಲ್ಲಿ ಈಥರ್ನೆಟ್‌ನ ವಿವರ ತೆರೆದು ಲಿಂಕ್ ಸ್ಪೀಡ್ ನೋಡಿ. 1000 ಇರಬೇಕಾದಲ್ಲಿ 100 ಕಂಡರೆ ಆ ಪ್ಲಗ್ ಕತ್ತರಿಸಿ ಹೊಸದು ಹಾಕಿ.

ಪ್ರತಿ ಕೇಬಲ್ಲಿನ ಎರಡೂ ತುದಿಗೆ ಒಂದೇ ನಂಬರಿನ ಚೀಟಿ ಅಂಟಿಸಿ. ಇದು ಚೆಂದಕ್ಕಲ್ಲ. ಒಂದು ಕೇಬಲ್ಲಿನ ಎರಡೂ ತುದಿ ಒಂದೇ ಸ್ವಿಚ್ಚಿಗೆ ಹೋದರೆ ಇಡೀ ಆಫೀಸಿನ ನೆಟ್‌ವರ್ಕ್ ಮಲಗುತ್ತದೆ. ಒಳಗಿನ ಸಂದೇಶಗಳು ಅಲ್ಲೇ ಗಿರಗಿರ ಸುತ್ತುತ್ತಾ ಸ್ವಿಚ್ಚಿನ ಎಲ್ಲ ದೀಪ ಒಂದೇ ಸಮ ಹುಚ್ಚೆದ್ದು ಮಿನುಗುತ್ತದೆ. ದಸರಾ ಹೊತ್ತಿಗೆ ಆಯುಧಪೂಜೆಗೆ ಅಂತ ಎಲ್ಲ ಕಿತ್ತು ಒರೆಸಿ, ನೇತಾಡುವ ತುದಿಯನ್ನು ಪಾಪ ಯಾರೋ ಖಾಲಿ ತೂತಿಗೆ ಸಿಕ್ಕಿಸಿಬಿಡುತ್ತಾರೆ ನೋಡಿ, ಆಗ ಹೀಗಾಗುತ್ತದೆ.

ಎರಡನೇ ರೌಟರ್ ಬೇಕೇ ಬೇಕು ಅಂದರೆ

ಹಿಂದಿನ ಕೋಣೆಗೆ ವೈಫೈ ಮುಟ್ಟುವುದಿಲ್ಲ, ಇನ್ನೊಂದು ರೌಟರ್ ಇದೆ. ಸರಿ, ಹಾಕೋಣ. ಅದರ ಸೆಟ್ಟಿಂಗಿನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಇದ್ದರೆ ಅದನ್ನು ಆರಿಸಿ, ಕೆಲಸ ಮುಗಿಯಿತು. ಇಲ್ಲದಿದ್ದರೆ ಹೀಗೆ ಮಾಡಿ.

ಹೊಸ ರೌಟರನ್ನು ಇನ್ನೂ ಆಫೀಸಿನ ನೆಟ್‌ವರ್ಕಿಗೆ ಸೇರಿಸಬೇಡಿ. ಒಂದು ಲ್ಯಾಪ್‌ಟಾಪನ್ನು ಅದಕ್ಕೆ ಮಾತ್ರ ಕೇಬಲ್‌ನಿಂದ ಜೋಡಿಸಿ, ಅದರ ತಳದ ಚೀಟಿಯಲ್ಲಿರುವ ವಿಳಾಸವನ್ನು ಬ್ರೌಸರಿನಲ್ಲಿ ಹೊಡೆದು ಒಳಗೆ ಹೋಗಿ. ಮೊದಲು ವೈಫೈ ಹೆಸರು, ಪಾಸ್‌ವರ್ಡ್ ಹಾಕಿ ಉಳಿಸಿ. ಎರಡನೆಯದಾಗಿ ಅದರ ಲ್ಯಾನ್ ಐಪಿ, ಅಂದರೆ ಒಳ ನೆಟ್‌ವರ್ಕಿನಲ್ಲಿ ಅದರ ವಿಳಾಸ, ಬದಲಿಸಿ: ಫೈಬರ್ ಬಾಕ್ಸ್ 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿ. ನಿಮ್ಮ ಬಾಕ್ಸ್ 192.168.29.1 ಅಥವಾ 192.168.0.1 ಆಗಿರಬಹುದು, ನೋಡಿಕೊಳ್ಳಿ. ಮೊದಲ ಮೂರು ಸಂಖ್ಯೆ ಅದರದ್ದೇ ಇರಬೇಕು, ಕೊನೆಯದು ಮಾತ್ರ ಬೇರೆ. ಉಳಿಸಿದ ಕೂಡಲೇ ಪೇಜ್ ಹೋಗುತ್ತದೆ, ಗಾಬರಿ ಬೇಡ. ಹೊಸ ವಿಳಾಸ ಹೊಡೆದು ಮತ್ತೆ ಒಳಗೆ ಬನ್ನಿ. ಕೊನೆಗೆ ಡಿಎಚ್‌ಸಿಪಿ ಆಫ್ ಮಾಡಿ. ಈ ಕ್ರಮ ತಪ್ಪಿಸಬೇಡಿ: ಡಿಎಚ್‌ಸಿಪಿಯನ್ನೇ ಮೊದಲು ಆಫ್ ಮಾಡಿದರೆ ಲ್ಯಾಪ್‌ಟಾಪಿಗೆ ವಿಳಾಸ ಕೊಡುವವರಿಲ್ಲದೆ ಮತ್ತೆ ಒಳಗೆ ಹೋಗಲು ಪರದಾಡಬೇಕು.

ಈಗ ಸ್ವಿಚ್ಚಿನಿಂದ ಒಂದು ಕೇಬಲ್ ತಂದು ಈ ರೌಟರಿನ ಲ್ಯಾನ್ ಪೋರ್ಟಿಗೆ ಸಿಕ್ಕಿಸಿ. ವ್ಯಾನ್ (WAN) ಅಂತ ಬರೆದ, ಬಣ್ಣ ಬೇರೆ ಇರುವ ಪೋರ್ಟ್ ಖಾಲಿ ಇರಲಿ. ಅಷ್ಟೇ. ಅದು ಈಗ ಹಂಚುವುದಿಲ್ಲ, ದಾಟಿಸುತ್ತದೆ.

ಗೋಡೆಯ ಪ್ಲಗ್ಗಿಗೆ ಚುಚ್ಚುವ ರಿಪೀಟರ್ ಕೇಳುತ್ತೀರಿ ಅಂತ ಗೊತ್ತು. ಅದು ವೈಫೈಯಲ್ಲೇ ಕೇಳಿಸಿಕೊಂಡು ವೈಫೈಯಲ್ಲೇ ಮತ್ತೆ ಹೇಳಬೇಕು, ಅದರಲ್ಲೇ ವೇಗ ಹೋಗುತ್ತದೆ. ಮನೆಗೆ ಪರವಾಗಿಲ್ಲ. ಆಫೀಸಿಗೆ ಕೇಬಲ್ಲೇ ಸರಿ.

ವೈಫೈ ಮತ್ತು ಬೀಗ

2.4 ಗಿಗಾಹರ್ಟ್ಸ್ ವೈಫೈಯಲ್ಲಿ ಒಂದರ ಮೇಲೊಂದು ಬೀಳದ ಚಾನಲ್‌ಗಳು ಮೂರೇ: 1, 6, 11. ಎರಡು ಬಾಕ್ಸ್ ಇದ್ದರೆ ಒಂದಕ್ಕೆ 1, ಇನ್ನೊಂದಕ್ಕೆ 11 ಕೊಡಿ. ಭದ್ರತೆಗೆ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇರಲಿ. ಪಾಸ್‌ವರ್ಡ್ ಇಲ್ಲದೆ ಸೇರಿಸುವ ಡಬ್ಲ್ಯುಪಿಎಸ್ ಬಟನ್ ಸೌಲಭ್ಯ ಆಫ್ ಮಾಡಿ. ಬಾಕ್ಸಿನ ಒಳಹೋಗುವ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಇದು ವೈಫೈ ಪಾಸ್‌ವರ್ಡ್ ಅಲ್ಲ, ಬೇರೆಯದೇ. ತುಂಬಾ ಜನ ಇದನ್ನು ಬದಲಿಸುವುದೇ ಇಲ್ಲ.

ಆಫೀಸಿಗೆ ಬಂದ ಕಕ್ಷಿದಾರರು, ಪಾರ್ಟಿಗಳು ವೈಫೈ ಕೇಳುತ್ತಾರೆ. ಚಹಾ ಕೊಟ್ಟ ಮೇಲೆ ವೈಫೈ ಇಲ್ಲ ಅನ್ನಲಾದೀತೇ? ಕೊಡಿ, ಆದರೆ ಗೆಸ್ಟ್ ನೆಟ್‌ವರ್ಕ್ ಕೊಡಿ. ಅದರಲ್ಲಿ ನೆಟ್ ಮಾತ್ರ ಸಿಗುತ್ತದೆ. ನಿಮ್ಮ ಪ್ರಿಂಟರ್, ಇತರರ ಪ್ಯಾನು-ಆಧಾರ್ ಪ್ರತಿ ಇರುವ ಶೇರ್ ಫೋಲ್ಡರ್ ಕಾಣುವುದಿಲ್ಲ. ಗೆಸ್ಟ್ ಅನ್ನು ಹಂಚುವ ಬಾಕ್ಸಿನಲ್ಲೇ ಮಾಡಿ. ದಾಟಿಸುವ ರೌಟರಿನಲ್ಲಿ ಮಾಡಿದರೆ ಹಲವು ಅಗ್ಗದ ಮಾದರಿಗಳಲ್ಲಿ ಹೆಸರು ಮಾತ್ರ ಬೇರೆ ಇರುತ್ತದೆ, ಒಳಗೆ ಎಲ್ಲ ಒಂದೇ.

ಪಕ್ಕದ ಅಂಗಡಿಯವರು "ನಮಗೂ ಒಂದು ವೈರ್ ಕೊಡಿ, ಅರ್ಧ ದುಡ್ಡು ನಮ್ಮದು" ಅಂದರೆ ಒಪ್ಪಬೇಡಿ. ಕಂಪನಿಗಳ ಷರತ್ತಿನಲ್ಲಿ ಮರುಮಾರಾಟಕ್ಕೆ ಸಾಮಾನ್ಯವಾಗಿ ಅವಕಾಶ ಇರುವುದಿಲ್ಲ. ಆ ಲೈನಿನಲ್ಲಿ ಯಾರಾದರೂ ಏನಾದರೂ ಎಡವಟ್ಟು ಮಾಡಿದರೆ ವಿಚಾರಣೆ ಬರುವುದು ಲೈನ್ ಯಾರ ಹೆಸರಲ್ಲಿದೆಯೋ ಅವರ ಬಾಗಿಲಿಗೆ.

ಪ್ರಿಂಟರಿಗೆ ಕಾಯಂ ವಿಳಾಸ ಕೊಡಿ. ಬಾಕ್ಸಿನ ಡಿಎಚ್‌ಸಿಪಿ ಪೇಜಿನಲ್ಲಿ ಅಡ್ರೆಸ್ ರಿಸರ್ವೇಶನ್ ಅಂತ ಇರುತ್ತದೆ. ಪ್ರಿಂಟರ್, ಟ್ಯಾಲಿ ಡೇಟಾ ಇರುವ ಕಂಪ್ಯೂಟರ್, ಡಿವಿಆರ್ ಮೂರಕ್ಕೂ ಮಾಡಿಡಿ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದ ಮೇಲೆ ಪ್ರಿಂಟರಿನ ವಿಳಾಸ ಬದಲಾಗಿ "ಆಫ್‌ಲೈನ್" ಅಂತ ಕೂರುತ್ತದೆ.

ವಿಂಡೋಸ್ ಅಪ್‌ಡೇಟಿನ ಸೆಟ್ಟಿಂಗಿನಲ್ಲಿ ಡೆಲಿವರಿ ಆಪ್ಟಿಮೈಸೇಶನ್ ಇದೆ. ಅದನ್ನು ಲೋಕಲ್ ನೆಟ್‌ವರ್ಕಿಗೆ ಮಾತ್ರ ಎಂದು ಆನ್ ಮಾಡಿ. ಒಂದು ಕಂಪ್ಯೂಟರ್ ಇಳಿಸಿಕೊಂಡ ಅಪ್‌ಡೇಟ್ ಭಾಗಗಳನ್ನು ಉಳಿದವು ಅದರಿಂದಲೇ ಪಡೆಯುತ್ತವೆ, ಆರು ಸಲ ಹೊರಗಿನಿಂದ ಎಳೆಯುವುದು ತಪ್ಪುತ್ತದೆ.

ಸಿಡಿಲು, ಕರೆಂಟು, ಇರುವೆ

ಏಪ್ರಿಲ್-ಮೇ ತಿಂಗಳ ಸಂಜೆ ಘಟ್ಟದ ಮೇಲೆ ಮೋಡ ಕಟ್ಟಿ ಗುಡುಗಿದರೆ ಗೊತ್ತಲ್ವಾ. ಫೈಬರಿನ ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ ನಿಜ. ಆದರೆ ಕಂಬದಿಂದ ಬರುವ ಫೈಬರ್ ವೈರಿನ ಜೊತೆಗೆ ಬಲಕ್ಕೆಂದು ಕಬ್ಬಿಣದ ತಂತಿ ಇರುತ್ತದೆ. ಅದನ್ನು ಬಾಕ್ಸಿನವರೆಗೆ ತರದೆ ಕಟ್ಟಡದ ಹೊರಗೇ ಕಟ್ಟಿ ನಿಲ್ಲಿಸಲು ಹೇಳಿ. ಸಿಡಿಲಿನ ಹೊಡೆತ ಜಾಸ್ತಿ ಬರುವುದು ಕರೆಂಟ್ ಲೈನಿನಿಂದ. ಒಂದು ಅಡಾಪ್ಟರಿನಿಂದ ನುಗ್ಗಿದರೆ ಲ್ಯಾನ್ ಕೇಬಲ್ ಹಿಡಿದು ಸ್ವಿಚ್ಚಿಗೆ, ಅಲ್ಲಿಂದ ಎಲ್ಲರ ಮದರ್‌ಬೋರ್ಡಿಗೆ ಹೋಗಬಹುದು. ಸಂಜೆ ಬಾಗಿಲು ಹಾಕುವಾಗ ಪ್ಲಗ್ ಕಿತ್ತಿಡಿ, ಬಟನ್ ಆಫ್ ಮಾಡಿದರೆ ಸಾಲದು. ಆಫೀಸಿನ ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ.

ಬಾಕ್ಸ್ ಮತ್ತು ಸ್ವಿಚ್ಚಿಗೆ ಸಣ್ಣ ಡಿಸಿ ಯುಪಿಎಸ್ ಹಾಕಿ. ಅಡಾಪ್ಟರ್ ಮೇಲೆ 12 ವೋಲ್ಟ್ ಇದೆಯೋ 9 ಅಥವಾ 5 ಇದೆಯೋ ಓದಿ, ಅದೇ ವೋಲ್ಟಿನದ್ದು ತನ್ನಿ. ಆಂಪಿಯರ್ ಜಾಸ್ತಿ ಇದ್ದರೆ ತೊಂದರೆ ಇಲ್ಲ, ವೋಲ್ಟ್ ಬೇರೆ ಆಗಬಾರದು.

ಮಳೆಗಾಲದಲ್ಲಿ ಬಾಕ್ಸಿನ ಬಿಸಿಗೆ ಇರುವೆ ಒಳಗೆ ಸಂಸಾರ ಹೂಡುತ್ತದೆ. ಗೋಡೆಗೆ ತಾಗಿಸದೆ ಸ್ಟ್ಯಾಂಡ್ ಮೇಲಿಡಿ. ಕರಾವಳಿಯಲ್ಲಿ ಖಾಲಿ ಪೋರ್ಟುಗಳಿಗೆ ರಬ್ಬರ್ ಮುಚ್ಚಳ ಹಾಕಿ. ಪ್ಲಗ್ಗಿನ ತುದಿಯಲ್ಲಿ ಹಸಿರು ಕಿಲುಬು ಕಂಡರೆ ಉಜ್ಜುತ್ತಾ ಕೂರಬೇಡಿ, ಹೊಸ ಪ್ಲಗ್ ಹಾಕಿ.

ಲೈನ್ ಹೋದ ದಿನ

ಜೂನ್-ಜುಲೈ ಗಾಳಿಗೆ ಮರ ಬಿದ್ದು ಫೈಬರ್ ತುಂಡಾಗುವುದು ಇದ್ದದ್ದೇ. ಆಫೀಸಿನ ಲೈನ್ ಯಾವ ಕಂಪನಿಯದೋ, ಬದಲಿಗಿಟ್ಟ ಸಿಮ್ ಬೇರೆ ಕಂಪನಿಯದಿರಲಿ. ಒಂದು ತುರ್ತು ಇ-ವೇ ಬಿಲ್‌ಗಾದರೆ ಮೊಬೈಲಿನ ಹಾಟ್‌ಸ್ಪಾಟ್ ಹಾಕಿ ಒಂದೇ ಕಂಪ್ಯೂಟರ್ ನಡೆಸಿ, ದೊಡ್ಡ ಏರ್ಪಾಡು ಬೇಡ.

ಎಲ್ಲರಿಗೂ ಬೇಕೇ ಬೇಕು ಅಂದರೆ ವಿಂಡೋಸ್‌ನಲ್ಲಿ ಹಳೇ ಸೌಲಭ್ಯ ಒಂದಿದೆ, ವಿಂಡೋಸ್ 98ರ ಎರಡನೇ ಆವೃತ್ತಿಯ ಕಾಲದ್ದು: ಇಂಟರ್ನೆಟ್ ಕನೆಕ್ಷನ್ ಶೇರಿಂಗ್. ಮೊಬೈಲನ್ನು ಯುಎಸ್‌ಬಿ ಕೇಬಲ್‌ನಿಂದ ಒಂದು ಕಂಪ್ಯೂಟರಿಗೆ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಕಂಟ್ರೋಲ್ ಪ್ಯಾನೆಲ್‌ನ ನೆಟ್‌ವರ್ಕ್ ಕನೆಕ್ಷನ್ಸ್‌ಗೆ ಹೋಗಿ, ಮೊಬೈಲಿನ ಕನೆಕ್ಷನ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಶೇರಿಂಗ್. ಅಲ್ಲಿ ಟಿಕ್ ಹಾಕಿ ಈಥರ್ನೆಟ್ ಆರಿಸಿ. ಈಗ ಆ ಕಂಪ್ಯೂಟರಿನ ವಿಳಾಸ 192.168.137.1 ಆಗುತ್ತದೆ, ಮತ್ತು ಅದೇ ವಿಳಾಸ ಹಂಚಲು ಶುರು ಮಾಡುತ್ತದೆ. ಅಂದರೆ? ಹಂಚುವವರು ಇಬ್ಬರಾದರು. ಹಾಗಾಗಿ ಶೇರಿಂಗ್ ಆನ್ ಮಾಡುವ ಮೊದಲು ಫೈಬರ್ ಬಾಕ್ಸಿನಿಂದ ಸ್ವಿಚ್ಚಿಗೆ ಬರುವ ಕೇಬಲ್ ಕಿತ್ತಿಡಿ. ಉಳಿದ ಕಂಪ್ಯೂಟರುಗಳನ್ನು ಒಮ್ಮೆ ರೀಸ್ಟಾರ್ಟ್ ಮಾಡಿ. ಹಳೇ ವಿಳಾಸ ನೆನಪಿಟ್ಟುಕೊಂಡ ಪ್ರಿಂಟರ್ ಅಷ್ಟು ಹೊತ್ತು ಕೈಕೊಡಬಹುದು. ಲೈನ್ ಬಂದ ಮೇಲೆ ಶೇರಿಂಗ್ ತೆಗೆದು ಆಮೇಲೆ ಬಾಕ್ಸಿನ ಕೇಬಲ್ ಸಿಕ್ಕಿಸಿ.

ಸಿರಸಿಯವರಿಗೆ ಇನ್ನೊಂದು ಮಾತು: ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ನಡೆಯುವಾಗ ಪೇಟೆಯ ಮೊಬೈಲ್ ಡೇಟಾ ನೆಚ್ಚಿಕೊಂಡು ಕೂರಬೇಡಿ, ಅಷ್ಟು ಜನರ ಫೋನೂ ಅದೇ ಟವರಿನಲ್ಲಿರುತ್ತದೆ.

ಈಗ ತೊಂದರೆ ಎಲ್ಲಿದೆ ಎಂದು ಹುಡುಕುವ ಕ್ರಮ. ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ (ipconfig) ಎಂದು ಒಂದೇ ಪದವಾಗಿ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಿರಿ. ವಿಳಾಸ 169.254ರಿಂದ ಶುರುವಾದರೆ ಆ ಕಂಪ್ಯೂಟರಿಗೆ ಯಾರೂ ವಿಳಾಸ ಕೊಟ್ಟಿಲ್ಲ: ಕೇಬಲ್, ಪ್ಲಗ್, ಸ್ವಿಚ್ ನೋಡಿ. ವಿಳಾಸ ಸರಿ ಇದ್ದರೆ ಪಿಂಗ್ ಮಾಡಿ (ping ಎಂದು ಹೊಡೆದು ಮುಂದೆ ವಿಳಾಸ ಬರೆಯಿರಿ) 192.168.1.1ಕ್ಕೆ, ಅಂದರೆ ನಿಮ್ಮ ಬಾಕ್ಸಿಗೆ. ಉತ್ತರ ಬಂದರೆ ಒಳಗಿನ ವೈರಿಂಗ್ ಸರಿ. ಆಮೇಲೆ 8.8.8.8ಕ್ಕೆ, ಅಂದರೆ ಹೊರಗಿನ ಗೂಗಲ್ ಸರ್ವರಿಗೆ, ಪಿಂಗ್ ಮಾಡಿ. ಅದಕ್ಕೂ ಉತ್ತರ ಬಂದು ಯಾವ ಸೈಟೂ ತೆರೆಯದಿದ್ದರೆ ಡಿಎನ್‌ಎಸ್, ಅಂದರೆ ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಏರ್ಪಾಡಿನ ತೊಂದರೆ. ಬಾಕ್ಸಿನಲ್ಲಿ ಡಿಎನ್‌ಎಸ್‌ಗೆ 8.8.8.8 ಅಥವಾ 1.1.1.1 ಹಾಕಿ ನೋಡಿ. ಬಾಕ್ಸ್ ಉತ್ತರಿಸಿ 8.8.8.8 ಉತ್ತರಿಸದಿದ್ದರೆ ಎದ್ದು ಹೋಗಿ ಬಾಕ್ಸಿನ ದೀಪ ನೋಡಿ. ಎಲ್‌ಓಎಸ್ ಅಂತ ಬರೆದ ದೀಪ ಕೆಂಪಾಗಿದ್ದರೆ ಬೆಳಕೇ ಬರುತ್ತಿಲ್ಲ, ಫೈಬರ್ ಎಲ್ಲೋ ಹೋಗಿದೆ. ಆಗ ಕಸ್ಟಮರ್ ಕೇರಿಗೆ "ನೆಟ್ ಬರ್ತಿಲ್ಲ" ಎನ್ನಬೇಡಿ, "ಎಲ್‌ಓಎಸ್ ಕೆಂಪಿದೆ" ಎನ್ನಿ. ರೀಸ್ಟಾರ್ಟ್ ಮಾಡಿ ನೋಡಿ ಅಂತ ಅರ್ಧ ಗಂಟೆ ಕಳೆಯದೆ ಲೈನ್‌ನವರನ್ನು ಕಳಿಸುವ ಸಾಧ್ಯತೆ ಜಾಸ್ತಿ.